ಸುಟ್ಟ ಅಂಗಡಿಯನ್ನು ಗುಡಿಸಬೇಡಿ

ಬೆಂಕಿ ಆರಿಸಿದವರು ಅತ್ತ ಹೋದದ್ದೇ ತಡ, ದರ್ಜಿ ಅಕ್ಕ ಪೊರಕೆ ಹಿಡಿದಳು. ಬಿದ್ದ ಸೂಜಿ ಯಾರ ಕಾಲಿಗೂ ಚುಚ್ಚಬಾರದೆಂದು, ನೆಲ ಗುಡಿಸದೆ ಒಂದು ದಿನವೂ ಅಂಗಡಿ ಮುಚ್ಚಿದವಳಲ್ಲ ಅವಳು. ಎಲ್ಲ ಕರಕಲಾದಾಗಲೂ ಕೈ ಸುಮ್ಮನಿರಲಿಲ್ಲ. ಅರ್ಧ ಅಂಗಡಿಯ ಬೂದಿ ಆಗಲೇ ಚರಂಡಿ ಸೇರಿತ್ತು.

ಹೊರಗೆ ಅವಳ ತಮ್ಮ ಕೆಂಡ ಕಾರುತ್ತಿದ್ದ. ಜಗಳವಾಡಿ ಕೆಲಸ ಬಿಟ್ಟ ಕಟಿಂಗ್ ಮಾಸ್ತರನದೇ ಕೆಲಸ ಇದು, ಎಳೆದು ತಂದು ನಾಲ್ಕು ಬಿಗಿದರೆ ತಾನೇ ಬಾಯಿ ಬಿಡುತ್ತಾನೆ ಎಂದು ಗೆಳೆಯರನ್ನು ಸೇರಿಸಿದ್ದ. ಅಕ್ಕನಿಗೂ ಹಾಗೇ ಅನ್ನಿಸಿತ್ತು.

ಅಷ್ಟರಲ್ಲಿ ಬಂದ ಮಹಿಳಾ ಇನ್ಸ್‌ಪೆಕ್ಟರ್ ಹೊಸ್ತಿಲಲ್ಲೇ ನಿಂತರು. "ಪೊರಕೆ ಕೆಳಗಿಡಮ್ಮ. ನೀನು ಗುಡಿಸ್ತಿರೋದು ಕಸ ಅಲ್ಲ, ಸಾಕ್ಷಿ."

"ಬೂದಿ ಏನು ಮಾತಾಡುತ್ತಾ ಮೇಡಂ?" ಎಂದ ತಮ್ಮ. "ಮಾಸ್ತರನ್ನ ನಮ್ಮ ಕೈಗೆ ಬಿಡಿ, ಸಂಜೆಯೊಳಗೆ ತಪ್ಪು ಒಪ್ಪಿಸ್ತೀವಿ."

"ಹೊಡೆದರೆ ನೀನೂ ಒಪ್ಕೋತೀಯಪ್ಪ. ಆ ಮಾತು ಕೋರ್ಟಲ್ಲಿ ನಿಲ್ಲಲ್ಲ. ಬೆಂಕಿ ಇಟ್ಟವನು ಆರಾಮಾಗಿರ್ತಾನೆ, ನೀನು ಒಳಗಿರ್ತೀಯ."

ಗೆಳೆಯರು ಒಬ್ಬೊಬ್ಬರಾಗಿ ಜಾರಿಕೊಂಡರು.

ಬೆಂಕಿಯ ಕಾರಣ ಪತ್ತೆಹಚ್ಚುವ ತಜ್ಞರು ಬಂದು ಮೊದಲು ಫೋಟೊ ತೆಗೆದರು. ಗುಡಿಸದೆ ಉಳಿದಿದ್ದ ಮೂಲೆಯಲ್ಲಿ, ಷಟರ್ ಕೆಳಗೆ, ಅರೆಸುಟ್ಟ ಬಟ್ಟೆಯ ಗಂಟೊಂದು ಸಿಕ್ಕಿತು. ಪೆಟ್ರೋಲಿನ ಆವಿ ಇದ್ದರೆ ಹಾರಿಹೋಗಬಾರದೆಂದು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಸಾಕ್ಷಿಗಳ ಎದುರೇ ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಿದರು. ಪೊಲೀಸರು ಮಾಸ್ತರನನ್ನೂ ವಿಚಾರಿಸಿದರು. ಬೆಂಕಿ ಬಿದ್ದ ಹೊತ್ತಿಗೆ ಅವನು ಆಸ್ಪತ್ರೆಯಲ್ಲಿ ಮಗಳ ಪಕ್ಕ ಕೂತಿದ್ದ. ನರ್ಸುಗಳು ಹೌದೆಂದ ಮೇಲೆ ಅವನನ್ನು ಮನೆಗೆ ಕಳಿಸಿದರು.

ಪೊಲೀಸರು ಬೂದಿ ಜರಡಿ ಹಿಡಿಯುತ್ತಾ ಕೂತಿದ್ದಾರೆ ಎಂದು ತಮ್ಮ ಹಂಗಿಸುತ್ತಲೇ ಇದ್ದ, ವರದಿ ಬರುವವರೆಗೆ. ಗಂಟಿನಲ್ಲಿ ಪೆಟ್ರೋಲ್ ಇತ್ತು. ಎದುರಿನ ಔಷಧಿ ಅಂಗಡಿಯ ಕ್ಯಾಮೆರಾದಲ್ಲಿ ಕ್ಯಾನು ಹಿಡಿದವನೊಬ್ಬನ ಮುಖ ಕಂಡಿತು. ಅಂಗಡಿ ಖಾಲಿ ಮಾಡಿಸಲು ಹವಣಿಸುತ್ತಿದ್ದ ಕಟ್ಟಡದ ಮಾಲೀಕನ ಭಾವಮೈದುನ! ಕೋರ್ಟಿನ ಅನುಮತಿ ಪಡೆದು ಅವನ ಮನೆ ಶೋಧಿಸಿದಾಗ, ಅಂಚು ಸುಟ್ಟ ಪ್ಯಾಂಟೂ ಸಿಕ್ಕಿತು. ಅವನನ್ನು ಬಂಧಿಸಿ ನ್ಯಾಯಾಧೀಶರ ಮುಂದೆ ನಿಲ್ಲಿಸಿದರು.

ತಮ್ಮನ ಮುಖ ಸಣ್ಣದಾಯಿತು. "ಅವತ್ತು ಮಾಸ್ತರ ಮೇಲೆ ಕೈ ಮಾಡಿದ್ದಿದ್ರೆ, ಅಕ್ಕಾ?"

"ನೀನು ಜೈಲಲ್ಲಿರ್ತಿದ್ದೆ. ಆ ಮಗು ಪಕ್ಕ ಯಾರು ಕೂತಿರ್ತಿದ್ರೋ?"

ಮರುದಿನ ಇಬ್ಬರೂ, ಮಗು ಇನ್ನೂ ಇದ್ದ ಆಸ್ಪತ್ರೆಗೆ ಹೋಗಿ ಮಾಸ್ತರನ ಎದುರು ತಲೆ ತಗ್ಗಿಸಿ ನಿಂತರು.

ಓದುವ ನಿಮಗೂ ಒಂದು ಮಾತು. ಬೆಂಕಿ ಬಿದ್ದ, ಬಾಂಬು ಸಿಡಿದ ಜಾಗದಲ್ಲಿ ಗಾಯಗೊಂಡವರಿಗೆ ನೆರವು ಕರೆಯಿರಿ, ಆಮೇಲೆ ದೂರ ನಿಲ್ಲಿ. ವಾರಸುದಾರರಿಲ್ಲದ ಚೀಲ ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸಿ. ಕಂಡದ್ದನ್ನು ಕಂಡ ಹಾಗೇ ಹೇಳಿ. ಊಹೆಯನ್ನು ಕಂಡದ್ದೆಂದು ಹೇಳಬೇಡಿ. ತಪ್ಪಿತಸ್ಥ ಯಾರೆಂದು ಕಾನೂನು ಹುಡುಕಲಿ, ನೀವು ಅದರ ದಾರಿ ಕಾಯಿರಿ.