ಮಗ್ಗ ನಿಲ್ಲಿಸಿ ಕೇಳಿದ ಮಾತು

ನಮ್ಮ ಬೀದಿಯಲ್ಲಿ ಹಗಲು ಹೊತ್ತು ಯಾರೂ ಬಾಯಲ್ಲಿ ಮಾತಾಡುವುದಿಲ್ಲ. ಮನೆಮನೆಯಲ್ಲೂ ಕರೆಂಟಿನ ಮಗ್ಗ. ಆ ಖಟಖಟ ಸದ್ದಿನಲ್ಲಿ ಪಕ್ಕದವರು ಕಿರುಚಿದರೂ ಕೇಳಿಸದು. ಅದಕ್ಕೇ ನಮಗೆ ಕೈಸನ್ನೆ. ಎರಡು ಬೆರಳು ಹೊಸೆದರೆ ಎಳೆ ಕಡಿದಿದೆ ಎಂದರ್ಥ. ಅಂಗೈ ಮಗುಚಿದರೆ ಮಗ್ಗ ನಿಲ್ಲಿಸು. ಮೂಗು ಮುಟ್ಟಿಕೊಂಡರೆ ಮಾಲೀಕರು ಬಂದರು, ಹುಷಾರು.

ಮಗ್ಗದ ಸದ್ದನ್ನೂ ಮೀರಿಸಿ ಮಾತಾಡುತ್ತಿದ್ದವರು ಒಬ್ಬರೇ, ಮಗ್ಗ ರಿಪೇರಿಯ ಮೇಸ್ತ್ರಿ. ನಾವು ಇಟ್ಟ ಹೆಸರು ರೇಡಿಯೊ ಮೇಸ್ತ್ರಿ. ಒಂದು ಬೋಲ್ಟು ಬಿಗಿ ಮಾಡುವಷ್ಟರಲ್ಲಿ ಬೀದಿಯ ಸುದ್ದಿಯೆಲ್ಲ ಹೇಳಿ ಮುಗಿಸುತ್ತಿದ್ದರು. ಅಂಥವರ ನಾಲಿಗೆ ತೊದಲತೊಡಗಿದಾಗ, ಕುಡಿದು ಬಂದಿದ್ದಾರೆ ಎಂದು ಕೆಲವರು ನಕ್ಕರು. ಆ ನಗು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ದೊಡ್ಡಾಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿ, ಇದು ಎ.ಎಲ್.ಎಸ್. ಎಂದರು. ಸ್ನಾಯುಗಳನ್ನು ಆಡಿಸುವ ನರಗಳು ಬರಬರುತ್ತಾ ಸೊರಗುವ ಕಾಯಿಲೆ. ಕೈಕಾಲು, ಮಾತು, ನುಂಗುವುದು, ಉಸಿರಾಟ ಎಲ್ಲಕ್ಕೂ ಬಲ ಕಡಿಮೆಯಾಗುತ್ತ ಹೋಗುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಬಂದಿಲ್ಲ. ಆದರೆ ತೊಂದರೆ ಕಡಿಮೆ ಮಾಡುವ ದಾರಿಗಳು ಹಲವಿವೆ, ಹೆಚ್ಚಿನವರಿಗೆ ಬುದ್ಧಿ ನೆನಪು ಚೆನ್ನಾಗಿಯೇ ಉಳಿಯುತ್ತವೆ.

ಮನೆಗೇ ಬಂದು ರೋಗಿಗಳನ್ನು ನೋಡುವ ನರ್ಸಮ್ಮ ಆಗಲೇ ಕಿವಿಮಾತು ಹೇಳಿದ್ದರು. ಮಾತು ಇರುವಾಗಲೇ ದನಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮುಂದೆ ಕಷ್ಟದ ಗಳಿಗೆ ಬಂದರೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ ಎಂದು ಅವರನ್ನೇ ಕೇಳಿಟ್ಟುಕೊಳ್ಳಿ. ಕಣ್ಣಲ್ಲೇ ಮಾತಾಡಲು ಅಕ್ಷರದ ಹಾಳೆಯೂ ಇದೆ, ಈಗಲೇ ಕಲಿತರೆ ಒಳ್ಳೆಯದು.

ಮೇಸ್ತ್ರಿಯ ಹೆಂಡತಿ ಎರಡೆರಡು ಮಗ್ಗ ಒಟ್ಟಿಗೆ ನಡೆಸುವ ಗಟ್ಟಿಗಿತ್ತಿ. ಆಕೆಗೆ ಇದು ಹಿಡಿಸಲಿಲ್ಲ.

"ನಾವಿಬ್ರೂ ಸಂಸಾರ ಮಾಡಿದ್ದೇ ಕೈಸನ್ನೆಯಲ್ಲಿ ನರ್ಸಮ್ಮ. ಅವರ ಬೆರಳು ಆಡಿದ್ರೆ ಸಾಕು, ನಂಗೆ ಗೊತ್ತಾಗುತ್ತೆ. ಇನ್ನು ಆ ಕೊನೆಗಾಲದ ಮಾತು, ಬಿಡ್ತು ಅನ್ನಿ. ಬದುಕಿರೋರ ಮುಂದೆ ಆಡೋ ಮಾತಾ ಅದು?"

ನರ್ಸಮ್ಮ ವಾದಕ್ಕೆ ಇಳಿಯಲಿಲ್ಲ. ಮೇಸ್ತ್ರಿಯೇ ಮಗಳನ್ನು ಕೂರಿಸಿಕೊಂಡು, ತೊದಲುತ್ತಲೇ ಫೋನಿನಲ್ಲಿ ರೆಕಾರ್ಡ್ ಮಾಡಿದರು. ಮಗಳು ಗಂಭೀರವಾಗಿ ಏನಾದರೂ ಹೇಳಪ್ಪಾ ಎಂದರೆ, ಇವರು ಬೋಲ್ಟು ಬಿಗಿಯುವ ಪಾನಾ ಎಲ್ಲೆಂದರಲ್ಲಿ ಇಡುವವರನ್ನು ಬೈದು ರೆಕಾರ್ಡ್ ಮಾಡಿದರು. ಆ ಹೊತ್ತಿಗೆ ಹೆಂಡತಿ ಎದ್ದು ಹೋಗಿ ಮಗ್ಗ ಶುರು ಮಾಡಿದಳು. ಕೇಳಿಸದಿರಲಿ ಎಂದೇ.

ಬರಬರುತ್ತಾ ಮೇಸ್ತ್ರಿಯ ಮಾತು ನಿಂತಿತು. ಆಕೆ ಲೆಕ್ಕಕ್ಕೇ ತೆಗೆದುಕೊಳ್ಳದ ಇನ್ನೊಂದೂ ಆಯಿತು. ಸನ್ನೆ ಮಾಡುವ ಬೆರಳುಗಳೂ ಸೋತವು.

ಒಮ್ಮೆ ಎದೆಯಲ್ಲಿ ಕಫ ಕಟ್ಟಿ, ಉಸಿರಾಟಕ್ಕೆ ಕಷ್ಟವಾಗಿ ಮೇಸ್ತ್ರಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಉಸಿರು ಇನ್ನೂ ಇಳಿದರೆ ಗಂಟಲಿಗೆ ತೂತು ಮಾಡಿ ಉಸಿರಾಟದ ಮಶೀನಿಗೆ ಹಾಕಬೇಕೇ, ಅಥವಾ ಉಸಿರಿಗೆ ನೆರವಾಗುವ ಮಾಸ್ಕು, ಔಷಧಿಯಲ್ಲೇ ಸಂಕಟವಾಗದಂತೆ ನೋಡಿಕೊಳ್ಳಬೇಕೇ, ಅವರ ಇಷ್ಟ ಏನು ಎಂದು ಡಾಕ್ಟರು ಕೇಳಿದರು. ಮೇಸ್ತ್ರಿಯ ಅಣ್ಣ, ಏನೇನಿದೆಯೋ ಎಲ್ಲ ಮಾಡಿ ಎಂದರು. ಮಗಳು ಅಳುತ್ತ ನಿಂತಳು. ಎಲ್ಲರೂ ಹೆಂಡತಿಯ ಮುಖ ನೋಡಿದರು. ಆಕೆ ಗಂಡನ ಕೈ ಹಿಡಿದಳು, ಬೆರಳು ಆಡಲಿಲ್ಲ. ಆಡಿದ್ದರೂ ಏನು ಪ್ರಯೋಜನ? ಎಳೆಗೆ ಸನ್ನೆ ಇತ್ತು, ನೀರಿಗೆ ಸನ್ನೆ ಇತ್ತು, ಈ ಪ್ರಶ್ನೆಗೆ ಇರಲಿಲ್ಲ.

ಪುಣ್ಯಕ್ಕೆ ಔಷಧಿ ಹಿಡಿಯಿತು, ಆ ಪ್ರಸಂಗ ಬರಲಿಲ್ಲ. ಹೆಂಡತಿ ಮನೆಗೆ ಬಂದವಳೇ ನರ್ಸಮ್ಮನಿಗೆ ಹೇಳಿ ಕಳಿಸಿದಳು.

"ಅವತ್ತು ನಂಗೆ ದಿಕ್ಕೇ ತೋಚಲಿಲ್ಲ ನರ್ಸಮ್ಮ. ಅದೇನೋ ಅಕ್ಷರದ ಹಾಳೆ ಅಂದಿದ್ರಲ್ಲ, ಹೇಳಿಕೊಡಿ."

ಹಾಳೆಯಲ್ಲಿ ಅಕ್ಷರಗಳು ಸಾಲುಸಾಲಾಗಿದ್ದವು. ನಾವು ಬೆರಳಿಟ್ಟು ಒಂದೊಂದೇ ಸಾಲು ತೋರಿಸಬೇಕು. ಸರಿಯಾದ ಸಾಲು ಬಂದಾಗ ಅವರು ಕಣ್ಣು ಮೇಲೆತ್ತುತ್ತಾರೆ. ಆಮೇಲೆ ಆ ಸಾಲಿನ ಅಕ್ಷರಗಳು. ಮನೆಯವರೆಲ್ಲ ಉಸಿರು ಬಿಗಿಹಿಡಿದು ಕೂತಿರುವಾಗ ಮೇಸ್ತ್ರಿ ಹೇಳಿದ ಮೊದಲ ಮಾತು: ಬೆನ್ನು ತುರಿಕೆ.

ಹೆಂಡತಿ ಬೆನ್ನು ಕೆರೆಯುತ್ತ ನಕ್ಕಳು, ನಗುತ್ತಲೇ ಅತ್ತಳು. ಗಂಡನಿಗೆ ಏನು ಬೇಕೆಂದು ತನಗೆ ಗೊತ್ತಾಗುತ್ತದೆ ಎಂದುಕೊಂಡಿದ್ದಳಲ್ಲ, ಇದೊಂದು ತುರಿಕೆಯೂ ಗೊತ್ತಾಗಿರಲಿಲ್ಲ. ಆಮೇಲೆ ಧೈರ್ಯ ಮಾಡಿ ಆಸ್ಪತ್ರೆಯ ಪ್ರಶ್ನೆಯನ್ನೇ ಕೇಳಿದಳು. ಉತ್ತರ ಬರಲು ಬಹಳ ಹೊತ್ತು ಹಿಡಿಯಿತು.

"ತೀರ್ಮಾನ ನನ್ನದು. ಜನರ ಬೈಗುಳ ನಿನಗೆ ಬೇಡ."

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಹಾಳೆಯೂ ಜೊತೆಗೆ ಹೋಯಿತು, ಅಣ್ಣ, ನರ್ಸಮ್ಮ ಕೂಡ ಬಂದರು. ಡಾಕ್ಟರು ಒಂದೊಂದನ್ನೂ ಬಿಡಿಸಿ ಹೇಳಿದರು, ಮೇಸ್ತ್ರಿ ಕಣ್ಣಲ್ಲೇ ಉತ್ತರಿಸಿದರು. ನುಂಗಲು ಕಷ್ಟವಾದ್ದರಿಂದ ಹೊಟ್ಟೆಗೆ ನಳಿಕೆ ಇರಲಿ. ಉಸಿರಿಗೆ ಮಾಸ್ಕು ಇರಲಿ. ಗಂಟಲ ಮಶೀನು ಬೇಡ. ಆಗುವಷ್ಟು ದಿನ ಮಗ್ಗದ ಸದ್ದು ಕೇಳುವ ಮನೆಯಲ್ಲೇ ಇಟ್ಟುಕೊಳ್ಳಿ. ತನ್ನ ಪರವಾಗಿ ಮಾತಾಡುವವಳು ಹೆಂಡತಿ.

ಅಣ್ಣನ ಮುಖ ಸಣ್ಣದಾಯಿತು. "ಬೇಡ ಅಂದ್ರೆ ಕೈ ಬಿಟ್ಟ ಹಾಗಲ್ವಾ?" ಎಂದರು.

"ಇಲ್ಲ ಅಣ್ಣ," ಎಂದರು ನರ್ಸಮ್ಮ. "ನೋವು, ಉಸಿರಿನ ಸಂಕಟಕ್ಕೆ ಕೊನೇವರೆಗೂ ಔಷಧಿ ಕೊಡ್ತೀವಿ, ನಾನೂ ಬರ್ತಾ ಇರ್ತೀನಿ. ಇನ್ನೊಬ್ಬರು ಮಶೀನ್ ಬೇಕು ಅನ್ನಬಹುದು, ಅದೂ ಸರಿನೇ. ಇವರೂ ಯಾವಾಗ ಬೇಕಾದ್ರೂ ಮನಸ್ಸು ಬದಲಾಯಿಸಬಹುದು. ನಾವು ಕೇಳ್ತಾ ಇರಬೇಕು ಅಷ್ಟೆ."

ಅಣ್ಣ ತಮ್ಮನ ಕಣ್ಣು ನೋಡಿದರು. ಆ ಕಣ್ಣು ಹೌದು ಎಂಬಂತೆ ನಿಧಾನವಾಗಿ ಮೇಲೆದ್ದಿತು. ಅಣ್ಣ ಸರಿ ಎಂದು ತಲೆಯಾಡಿಸಿದರು.

ಈಗ ಮೇಸ್ತ್ರಿಯ ಗಾಲಿಕುರ್ಚಿ ಮಗ್ಗದ ಕೋಣೆಯ ಬಾಗಿಲಲ್ಲಿರುತ್ತದೆ. ಮೊನ್ನೆ ಮಧ್ಯಾಹ್ನ ಅವರು ಕಣ್ಣಲ್ಲಿ ಆರಿಸಿದ ರೆಕಾರ್ಡಿಂಗನ್ನು ಮಗಳು ಒತ್ತಿದಳು. ಮಗ್ಗದ ಆರ್ಭಟದಲ್ಲಿ ಫೋನಿನ ದನಿ ಯಾರಿಗೆ ಕೇಳಬೇಕು? ಮಗಳು ಫೋನು ಎತ್ತಿ ಬೀಸಿದಾಗ ಹೆಂಡತಿ ತಿರುಗಿ ನೋಡಿದಳು. ಮಾತಿಗಾಗಿ ಒಂದು ದಿನವೂ ಮಗ್ಗ ನಿಲ್ಲಿಸದವಳು ಎರಡನ್ನೂ ನಿಲ್ಲಿಸಿದಳು.

"ಏನಂದ್ರಿ? ಇನ್ನೊಂದ್ಸಲ ಹೇಳಿ."

ಮಗಳು ಮತ್ತೆ ಒತ್ತಿದಳು. "ಊಟಕ್ಕೆ ಬಾರೇ, ಆರಿಹೋಗುತ್ತೆ," ಎಂದಿತು ರೇಡಿಯೊ ಮೇಸ್ತ್ರಿಯ ತೊದಲು ದನಿ.

"ಬಂದೆ," ಎಂದಳು ಆಕೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ ಅವರ ದನಿಯನ್ನು ಇವತ್ತೇ ಹಿಡಿದಿಡಿ. ಮಾತು ಆಗಲೇ ನಿಂತಿದ್ದರೆ ಅಕ್ಷರದ ಹಾಳೆ ಹಿಡಿಯಿರಿ. ಅವರ ಇಷ್ಟವನ್ನು ನಿಮ್ಮಲ್ಲಿ ಸರಿಯಾಗಿ ಬರೆದಿಡುವ ಕ್ರಮ ಯಾವುದು ಎಂದು ಡಾಕ್ಟರನ್ನೋ ನರ್ಸನ್ನೋ ಕೇಳಿ. ಸಾವಿನ ಮಾತಾಡಿದರೆ ಸಾವು ಬರುವುದಿಲ್ಲ, ಆ ಮನೆಯ ಭಯ ಕಡಿಮೆಯಾಗುತ್ತದೆ, ನಾವು ಕಣ್ಣಾರೆ ಕಂಡಿದ್ದೇವೆ. ಕೆಲಸ ಯಾವತ್ತೂ ಇದ್ದದ್ದೇ. ಒಂದು ಗಳಿಗೆ ನಿಮ್ಮ ಮಗ್ಗ ನಿಲ್ಲಿಸಿ, ಅವರ ಎದುರು ಕೂತು ಕೇಳಿ.