ಹತ್ತಬಾರದ ಟ್ಯೂಬು

ತಂತಿಬಲೆಯ ಗೇಟು ದಾಟುವಾಗ ಹೆಣದ ಗಾಡಿಯ ಹಿಂದಿನ ಚಕ್ರ ಗುಂಡಿಗಿಳಿಯಿತು. ಏಣಿಯವನು ಭುಜ ಕೊಟ್ಟು ಎತ್ತಿದ. ಈಗ ಗಾಡಿಯಲ್ಲಿ ಮಲಗಿದ್ದ ಟ್ಯೂಬಣ್ಣ ಕಂಬ ಏರುವಾಗೆಲ್ಲ ಮೂವತ್ತು ವರ್ಷ ಕೆಳಗೆ ಏಣಿ ಹಿಡಿದು ಇವನಿಗೆ ಏಣಿಯವನು ಎಂಬ ಹೆಸರೇ ನಿಂತಿತ್ತು.

ಸುಡುಗಾಡಿಗೆ ಸುತ್ತುದಾರಿ ಬೇಡ, ಗಾಡಿ ಬಲೆಯ ಕೆಳಗೇ ಹೋಗಲಿ ಎಂದು ಟ್ಯೂಬಣ್ಣನ ಹೆಂಡತಿ ಅತ್ತಿಗೆ ಬೆಳಿಗ್ಗೆಯೇ ಹಟ ಹಿಡಿದಿದ್ದಳು. ಬಲೆಯ ಆಫೀಸಿನ ಸಾಹೇಬರು ಒಪ್ಪುವ ಹೊತ್ತಿಗೆ ಸಂಜೆಯಾಗಿತ್ತು. ಗಂಡನ ಹಳೇ ಟ್ಯೂಬ್‌ಲೈಟನ್ನು ಎದೆಗವಚಿಕೊಂಡು ಆಕೆ ಗಾಡಿಯ ಹಿಂದೆ ಬರುತ್ತಿದ್ದಳು. ಅದನ್ನು ಕಂಡಾಗಿನಿಂದ ಏಣಿಯವನು ಗಾಡಿಯ ದಾರಿ ತಪ್ಪಿಸಲು ನೋಡುತ್ತಿದ್ದ.

"ನಲವತ್ತನೇ ಸಾಲು ಬೇಡ ಅತ್ತಿಗೆ, ಕೆಸರಿರುತ್ತೆ."

"ಮಳೆ ಬಂದು ತಿಂಗಳಾಯ್ತಲ್ಲೋ."

*

ಆಕಾಶದಾಚೆ ತೂಗುವ ಫಲಕಗಳು ಬಿಸಿಲು ಹಿಡಿದು ಅದನ್ನು ಮೈಕ್ರೋವೇವ್ ಕಿರಣವಾಗಿಸಿ ಕೆಳಕ್ಕೆ ಬಿಡುತ್ತವೆ. ಈ ತಂತಿಬಲೆ ಅದನ್ನು ಕುಡಿದು ಊರಿಗೆ ಕರೆಂಟು ಕೊಡುತ್ತದೆ. ಬಲೆ ಹರಿದಲ್ಲಿ ಆ ಕಿರಣ ಸೋರುತ್ತದೆ. ಸೋರಿದ ಕಡೆ ಕೈಯಲ್ಲಿರುವ ಟ್ಯೂಬು ತಾನಾಗಿ ಮಿಣುಕುತ್ತದೆ. ಆಫೀಸಿನ ಮೀಟರಿಗಿಂತ ಟ್ಯೂಬಣ್ಣನಿಗೆ ಅದರ ಮೇಲೇ ನಂಬಿಕೆ. ಸಂಜೆಯ ಮಬ್ಬಿನಲ್ಲಿ ಅವನೂ ಏಣಿಯವನೂ ಬಲೆ ಹೊತ್ತ ಕಂಬಗಳ ಸಾಲು ಸಾಲು ತಿರುಗುತ್ತಿದ್ದರು.

"ಎಲ್ರೂ ದೀಪ ಹತ್ತಲಿ ಅಂತಾರೆ. ನಾವಿಬ್ರೇ ಹತ್ತದಿರಲಿ ಅನ್ನೋರು ನೋಡು," ಎಂದು ಟ್ಯೂಬಣ್ಣ ನಗುತ್ತಿದ್ದ.

ಹೋದ ವಾರ ಕಾಯಿಲೆ ಬಿದ್ದ ಹಾಸಿಗೆಯಿಂದಲೇ ಕೇಳಿದ್ದ. "ನಲವತ್ತನೇ ಸಾಲು ನೋಡಿದ್ಯೇನೋ?"

"ನೋಡ್ದೆ ಅಣ್ಣ. ಗಟ್ಟಿಯಾಗಿದೆ."

ಏಣಿಯವನು ನೋಡಿರಲಿಲ್ಲ. ಅದು ಎಲ್ಲಕ್ಕಿಂತ ಹಳೇ ಸಾಲು. ಟ್ಯೂಬು ಹತ್ತಿಬಿಟ್ಟರೆ ತಂತಿ ಕಟ್ಟುವವರು ಯಾರು? ಅವನಿಗೆ ಏಣಿ ಹಿಡಿದು ಗೊತ್ತೇ ಹೊರತು ಏರಿ ಗೊತ್ತಿರಲಿಲ್ಲ.

*

ನಲವತ್ತನೇ ಸಾಲಿನ ನಡುವೆ ಟ್ಯೂಬಿನ ಒಂದು ತುದಿ ನಸುಬೆಳ್ಳಗಾಯಿತು. ಗಾಡಿ ನಿಂತಿತು.

"ಅಣ್ಣಂಗೆ ಸುಳ್ಳು ಹೇಳಿದ್ದೆ ಅತ್ತಿಗೆ. ಈ ಸಾಲು ನೋಡಿರ್ಲಿಲ್ಲ."

ಅತ್ತಿಗೆ ಟ್ಯೂಬನ್ನು ಅವನ ಮುಂದೆ ಎತ್ತಿ ಹಿಡಿದಳು.

"ಅವ್ರಿಗೆ ಗೊತ್ತಿತ್ತು ಕಣೋ. ಸುಳ್ಳು ಹೇಳಿದ್ರೆ ನಿನ್ನ ಕಿವಿ ಕೆಂಪಾಗುತ್ತಂತೆ. ಸತ್ತ ಮೇಲೆ ನನ್ನನ್ನ ಈ ಸಾಲಲ್ಲೇ ಕರ್ಕೊಂಡು ಹೋಗು, ಟ್ಯೂಬು ಮರೀಬೇಡ ಅಂದ್ರು." ಕಂಬಕ್ಕೊರಗಿದ್ದ ಏಣಿಯತ್ತ ಗಲ್ಲದಲ್ಲೇ ಸನ್ನೆ ಮಾಡಿದಳು. "ಏರು. ನಾನು ಹಿಡ್ಕೋತೀನಿ."

ಅವನು ಏರಿದ. ಹರಿದ ತಂತಿಯ ಎರಡು ತುದಿ ಸೇರಿಸಿ ತಿರುವತೊಡಗಿದ. ಟ್ಯೂಬಣ್ಣ ತಂತಿ ತಿರುವುತ್ತಿದ್ದುದನ್ನು ಕೆಳಗಿನಿಂದ ಎಷ್ಟು ಸಲ ನೋಡಿದ್ದನೋ, ಬೆರಳಿಗೆ ಅದು ನೆನಪಿತ್ತು.

"ಇನ್ನೂ ಮಿಣುಕ್ತಿದೆ," ಎಂದಳು ಅತ್ತಿಗೆ, ಒಂದು ಕೈಯಲ್ಲಿ ಏಣಿ, ಒಂದು ಕೈಯಲ್ಲಿ ಟ್ಯೂಬು ಹಿಡಿದು. "ಇನ್ನೊಂಚೂರು ಬಿಗಿ ಮಾಡು."

ಅವನು ಕೊನೆಯ ಸುತ್ತು ತಿರುವಿದ. ಹೆಣದ ಹೊದಿಕೆಯ ಮೇಲಿದ್ದ ಮಸುಕು ಬೆಳಕು ಸರಿಯಿತು. ಅತ್ತಿಗೆಯ ಕೈಯಲ್ಲಿ ಟ್ಯೂಬು ಬರೀ ಗಾಜಾಯಿತು.