ಉಣ್ಣದಾಕಿಯ ರೊಟ್ಟಿ

ಶಿವರಾತ್ರಿ ಮುಗಿದು ಬಿಸಿಲು ಬಲಿಯುತ್ತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಇದು ಸುರುವಾಯಿತು.

ತಿಕೋಟಾದಿಂದ ಕಳ್ಳಕವಟಗಿ ಕಡೆ ಹೋಗುವ ದಾರಿಯಲ್ಲಿ ಬಸಲಿಂಗಯ್ಯನವರ ಒಣದ್ರಾಕ್ಷಿ ಶೆಡ್ಡು ಇದೆ. ದ್ರಾಕ್ಷಿ ಒಣಗಿ ಇಳಿದ ಮೇಲೆ ಕಡ್ಡಿ, ಕರಿಕಾಳು ಆರಿಸುವ ಕೆಲಸ ನಮ್ಮ ಹೆಂಗಸರ ಗ್ಯಾಂಗಿನದು. ಗ್ಯಾಂಗು ಕಟ್ಟಿದಾಕಿ ರೇಣುಕವ್ವ. ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಲ್ಲಾ ಆಕಿಯ ಮಾತು. ಬಸಲಿಂಗಯ್ಯನವರೂ ಅದರಲ್ಲಿ ಬಾಯಿ ಹಾಕುವುದು ಕಡಿಮೆ.

ನಮ್ಮಲ್ಲಿ ಒಂದು ಪದ್ಧತಿ. ಮಧ್ಯಾಹ್ನ ಗೋಣಿತಾಟು ಹಾಸಿ ಎಲ್ಲರ ರೊಟ್ಟಿಯನ್ನೂ ನಡುವೆ ಇಡುವುದು, ಯಾರದನ್ನು ಯಾರಾದರೂ ಉಣ್ಣುವುದು. ಯಾರ ರೊಟ್ಟಿ ಉಂಡೆವೋ ಆಕಿ ಗ್ಯಾಂಗಿನಾಕಿ. ಒಂದು ವರ್ಷ ನನ್ನ ಕೈ ನಿಧಾನವಾಯಿತು ಅಂತ ಬಸಲಿಂಗಯ್ಯನವರು ನನ್ನನ್ನು ಬಿಡಿಸಲು ನೋಡಿದರು. ರೇಣುಕವ್ವ ಅಡ್ಡ ನಿಂತಳು. "ಪರಸವ್ವನ ರೊಟ್ಟಿ ಉಂಡೀವ್ರಿ ಯಜಮಾನ್ರ. ಆಕಿನ್ನ ಬಿಡಿಸಿದ್ರ ನಾವೂ ಎದ್ದ ಹೊಕ್ಕೀವಿ" ಅಂದಳು. ಅವತ್ತಿನಿಂದ ನಾನು ಆಕಿಗೆ ಎದುರು ಮಾತಾಡಿದ್ದಿಲ್ಲ.

ಆಮೇಲೆ ಆಕಿಯ ಮಗ ಸಿದ್ದಲಿಂಗೇಶ ಹೋದ. ಇದೇ ಶೆಡ್ಡಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಮಧ್ಯಾಹ್ನ ಗೋಣಿತಾಟಿನ ಬಾಗಿಲ ಕಡೆಯ ತುದಿಗೆ ಕೂತು ನಮ್ಮ ಜೋಡಿ ಉಣ್ಣುತ್ತಿದ್ದ. ಜ್ವರ ಬಂದು ವಿಜಯಪುರದ ದವಾಖಾನೆಯಲ್ಲಿ ಒಂದು ವಾರ ಮಲಗಿದವನು ಏಳಲೇ ಇಲ್ಲ. ರೇಣುಕವ್ವ ಪೂಜೆಯ ಜಗಲಿಯ ಮೇಲಿನ ದೇವರನ್ನೆಲ್ಲ ಬುಟ್ಟಿಗೆ ತುಂಬಿ ಹಳ್ಳಕ್ಕೆ ಬಿಟ್ಟು ಬಂದಳು. ಸತ್ತವರ ಹೆಸರಿನಲ್ಲಿ ಇಡುವ ಎಡಿಯನ್ನೂ ಮಗನಿಗೆ ಇಡಲಿಲ್ಲ. "ಶೆಡ್ಡಿನ್ಯಾಗ ದೇವ್ರ ಹೆಸರ ಯಾರೂ ತಗೀಬ್ಯಾಡ್ರಿ" ಅಂದಳು. ನಾವು ಸೀನಿದಾಗ ಶಿವಾ ಅನ್ನುವುದನ್ನೂ ಬಿಟ್ಟೆವು.

ಅಂಥಲ್ಲಿಗೆ ನಜಮಾ ಬಂದಳು. ತಿಕೋಟಾದ ಹೆಣ್ಣುಮಗಳೇ. ಗಂಡ ಅಯೂಬ ಗೌಂಡಿ ಕೆಲಸದವನು, ದಸರೆ ಹೊತ್ತಿನಲ್ಲಿ ಕಟ್ಟಡದಿಂದ ಬಿದ್ದು ತೀರಿಕೊಂಡಿದ್ದ. ಅವರ ಪದ್ಧತಿಯಂತೆ ನಾಲ್ಕು ತಿಂಗಳ ಮೇಲೆ ಮನೆಯೊಳಗೇ ಕೂತು ಈಗ ಹೊರಗೆ ಬಂದಿದ್ದಳು. ಮನೆಯಲ್ಲಿ ಅತ್ತೆ ರಹಿಮಾಬಿ, ಇಬ್ಬರು ಸಣ್ಣ ಮಕ್ಕಳು, ದುಡಿಯುವಾಕಿ ಇವಳೊಬ್ಬಳೇ. ಬಂದದ್ದು ರಂಜಾನ್ ತಿಂಗಳು.

"ಬಿಚ್ಚವಾ ಬುತ್ತಿ" ಅಂದಳು ರೇಣುಕವ್ವ.

"ನಂದು ರೋಜಾ ಅದಾವ್ರಿ ಅಕ್ಕಾರ."

"ಗಂಡನ್ನ ಕಳಕೊಂಡಿ, ಮ್ಯಾಲ ಉಪಾಸ ಬ್ಯಾರೆ. ಏನ್ ಕೊಟ್ಟಾನ ಬೇ ನಿನ್ನ ದೇವ್ರ ನಿನಗ?"

"ಏನೂ ಕೊಟ್ಟಿಲ್ರಿ."

"ಮತ್ತ?"

"ಕೊಟ್ಟಿದ್ದ ಎಣಿಸಿಕೋತ ಕುಂತಿದ್ರ ನಾ ಹಾಸಿಗಿ ಬಿಟ್ಟ ಏಳ್ತಿದ್ದಿಲ್ರಿ. ರೋಜಾ ಹಿಡೀಬೇಕಂದ್ರ ನಸುಕಿನ್ಯಾಗ ಏಳಬೇಕು. ಎದ್ದ ಮ್ಯಾಲ ಒಲಿ ಹಚ್ಚತೀನಿ, ಅತ್ತಿನ್ನ ಎಬ್ಬಸ್ತೀನಿ, ಹುಡುಗ್ರಿಗೆ ರೊಟ್ಟಿ ಬಡೀತೀನಿ. ಹಂಗ ದಿನ ಹೊಂಡತೈತ್ರಿ."

ನಂದಾ ಅನ್ನುವಾಕಿ ನಮ್ಮ ಗ್ಯಾಂಗಿನಲ್ಲಿ ಎಲ್ಲರಿಗಿಂತ ಸಣ್ಣಾಕಿ, ನಾಲಿಗೆ ಮಾತ್ರ ದೊಡ್ಡದು. "ಅದಕ್ಕ ಅಲಾರಾಂ ಇಟ್ರ ಸಾಕಾಗ್ತಿತ್ತಲ್ಲ ಯಕ್ಕಾ" ಅಂದಳು. ಎಲ್ಲರೂ ನಕ್ಕರು. ನಜಮಾಳೂ ನಕ್ಕಳು. ಅದು ರೇಣುಕವ್ವಳಿಗೆ ಸೇರಲಿಲ್ಲ.

"ರೊಟ್ಟಿ ಕೂಡಿಸದಾಕಿ ಗ್ಯಾಂಗಿನಾಕಿ ಅಲ್ಲ. ನೋಡೂನು, ಎಷ್ಟ ದಿನ ಇರ್ತಿ."

ಮರುದಿನ ನಜಮಾ ಬಿಳಿಜೋಳದ ರೊಟ್ಟಿ ತಂದು ತಾಟಿನ ಮೇಲೆ ಇಟ್ಟಳು. "ರೋಜಾ ನನಗ ಐತ್ರಿ, ನನ್ನ ರೊಟ್ಟಿಗಿಲ್ಲ. ನೀವು ಉಣ್ರಿ" ಅಂದಳು. ರೇಣುಕವ್ವ ನಮ್ಮ ಕಡೆ ನೋಡಿದಳು. ಯಾರೂ ಕೈ ಚಾಚಲಿಲ್ಲ. ಸಂಜೆ ಅದೇ ರೊಟ್ಟಿ ಒಣಗಿ ಮುರಿಯುವಂಗಾಗಿತ್ತು. ದಾರಿಯ ಬೇವಿನ ಗಿಡದ ಕೆಳಗೆ ನೀರಿನ ಜೋಡಿ ಅದನ್ನೇ ತಿಂದು ನಜಮಾ ಅವತ್ತಿನ ರೋಜಾ ಬಿಟ್ಟಳು.

ದಿನಾಲು ಹೀಗೇ ನಡೆಯಿತು. ರೇಣುಕವ್ವ ಆಕಿಯನ್ನು ಕಾದ ತಗಡಿನ ಬದಿಗೇ ಕೂಡ್ರಿಸಿದಳು. ಎಲ್ಲರಿಗೂ ಕುಡಿಯುವ ನೀರು ತಂದುಕೊಡುವ ಕೆಲಸವನ್ನೂ ಆಕಿಗೇ ಹಚ್ಚಿದಳು. ಬಾಯಿ ಒಣಗಿದಾಕಿ ನಮಗೆ ತಂಬಿಗೆ ತುಂಬಿ ಕೊಡುತ್ತಿದ್ದಳು, ನಾವು ಗಟಗಟ ಕುಡಿಯುತ್ತಿದ್ದೆವು. ತಂಬಿಗೆ ತಿರುಗಿ ಕೊಡುವಾಗ ಆಕಿಯ ಮುಖ ನೋಡುತ್ತಿರಲಿಲ್ಲ.

ಉಗಾದಿ ಅಮಾಸೆ ಶನಿವಾರ ಬಂತು. ಅವತ್ತು ಮಾಲಿನ ಡಬ್ಬಿಗಳು ಅಡ್ಡ ಇದ್ದವು ಅಂತ ತಾಟನ್ನು ಸರಿಸಿ ಹಾಸಿದ್ದೆವು. ನಜಮಾ ತನ್ನ ರೊಟ್ಟಿಯನ್ನು ಬಾಗಿಲ ಕಡೆಯ ತುದಿಗೆ ಇಟ್ಟು ಹಿಂದೆ ಸರಿದಳು. ರೇಣುಕವ್ವಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಅಲ್ಲಿ ಯಾಕ ಇಟ್ಟಿ?"

"ಜಾಗಾ ಇತ್ರಿ."

"ಅಮಾಸಿ ದಿನ, ಆ ಜಾಗಾದಾಗ, ಯಾರೂ ಮುಟ್ಟದ ರೊಟ್ಟಿ. ನನ್ನ ಮಗಗ ಎಡಿ ಇಡಾಕ ನೀ ಯಾರ?"

ಅಮಾಸೆಗೆ ಸತ್ತವರು ಕೂಡುತ್ತಿದ್ದ ಜಾಗದಲ್ಲಿ ಅನ್ನ ಇಟ್ಟು ಸರಿದರೆ ಅದು ನಮ್ಮಲ್ಲಿ ಎಡಿಯೇ. ನನಗೂ ಹಂಗೇ ಕಂಡಿತ್ತು. ಆ ಜಾಗ ಯಾರದು, ಎಡಿ ಅಂದರೇನು ಅನ್ನುವುದು ನಜಮಾಳಿಗೆ ಹೇಗೆ ಗೊತ್ತಾಗಬೇಕು.

ರೇಣುಕವ್ವ ರೊಟ್ಟಿ ತೆಗೆದು ಕಡ್ಡಿಯ ರಾಶಿಗೆ ಒಗೆದಳು. ನಜಮಾ ಹೋಗಿ ಅದನ್ನು ಎತ್ತಿ, ಸೆರಗಿನಿಂದ ಒರೆಸಿ, ಕಣ್ಣಿಗೆ ಒತ್ತಿಕೊಂಡಳು.

"ನನಗ ಗೊತ್ತಿದ್ದಿಲ್ರಿ. ಮಗನ ಹೆಸರ ಏನ್ರಿ? ದುವಾ ಮಾಡುಮುಂದ ಹೇಳ್ತೀನಿ."

"ಅಂವನ ಹೆಸರ ನಿನ್ನ ಬಾಯಾಗ ಬ್ಯಾಡ. ಎದ್ದ ನಡಿ. ನಾಳಿಂದ ಈ ಕಡೆ ಬರಬ್ಯಾಡ."

ಅಷ್ಟು ಹೊತ್ತಿಗೆ ಎಲ್ಲ ಶೆಡ್ಡುಗಳ ಗ್ಯಾಂಗುಗಳೂ ತುಂಬಿದ್ದವು. ಇಲ್ಲಿಂದ ಹೊರಬಿದ್ದರೆ ಆಕಿಗೆ ಈ ಸುಗ್ಗಿಯಲ್ಲಿ ಕೆಲಸ ಇಲ್ಲ. ಅದು ಆಕಿಗೂ ಗೊತ್ತು, ನಮಗೂ ಗೊತ್ತು. ಆಕಿ ನಮ್ಮ ಕಡೆ ನೋಡಿದಳು. ಬೇಡಲಿಲ್ಲ, ನೋಡಿದಳು ಅಷ್ಟೆ.

"ತಾ ಇಲ್ಲಿ, ನಜಮಾ" ಅಂದೆ.

ರೊಟ್ಟಿ ಇಸಿದುಕೊಂಡು ಮುರಿದು ಬಾಯಿಗೆ ಹಾಕಿದೆ. ಒಂದು ಕಡ್ಡಿ ಹಲ್ಲಿಗೆ ಸಿಕ್ಕಿತು, ತೆಗೆದು ಮತ್ತೆ ಅಗಿದೆ. ಶೆಡ್ಡಿನಲ್ಲಿ ನನ್ನ ಹಲ್ಲಿನದೊಂದೇ ಸಪ್ಪಳ.

"ಪರಸವ್ವಾ, ನಿನ್ನ ಸಲುವಾಗಿ ನಾ ಬಡಿದಾಡೀನಿ" ಅಂದಳು ರೇಣುಕವ್ವ.

"ಹೌದವಾ. ನೀ ಅವತ್ತ ಅಂದದ್ದನ್ನ ನಾ ಇವತ್ತ ಅನ್ನಾಕತ್ತೇನಿ. ಆಕಿ ರೊಟ್ಟಿ ಉಂಡೇನಿ. ಆಕಿನ್ನ ಬಿಡಿಸಿದ್ರ ನಾನೂ ಎದ್ದ ಹೊಕ್ಕೇನಿ."

ನಂದಾ ನನ್ನ ಕೈಯಿಂದ ಒಂದು ತುಣುಕು ಕಿತ್ತುಕೊಂಡಳು. "ಅಲಾರಾಂ ಯಕ್ಕನ ರೊಟ್ಟಿ ಒಣಗೇತಿ, ಆದ್ರ ರುಚಿ ಐತಿ" ಅಂದಳು. ಯಾರೂ ನಗಲಿಲ್ಲ. ಉಳಿದವರು ತಲೆ ತಗ್ಗಿಸಿ ತಮ್ಮ ತಮ್ಮ ರೊಟ್ಟಿ ಉಂಡರು. ರೇಣುಕವ್ವ ತನ್ನ ಗಂಟು ಕಟ್ಟಿಕೊಂಡು ಬಿಸಿಲಿನಲ್ಲೇ ಮನೆಯ ದಾರಿ ಹಿಡಿದಳು.

ಸಂಜೆ ಆಕಿಯ ಮನೆಯ ಹಿತ್ತಲ ಬದಿಗೇ ನನ್ನ ದಾರಿ. ಹಿತ್ತಲಿನ ಗೋಡೆಯ ಮೇಲೆ ಬಾಳೆ ಎಲೆಯಲ್ಲಿ ಅನ್ನ, ಹೋಳಿಗೆ ಇಟ್ಟು ರೇಣುಕವ್ವ ನಿಂತಿದ್ದಳು. ಮಗನಿಗೆ ಆಕಿ ಇಟ್ಟ ಮೊದಲ ಎಡಿ.

"ಏನ್ ನೋಡ್ತಿ?" ಅಂದಳು. "ತಾಯಿ ಜೀವಂತ ಇದ್ದು, ಮೊದಲನೇ ಎಡಿ ಮಂದಿ ಕೈಲೆ ಆತು ಅಂವಂದು. ಇದನ್ನ ನಾ ಮರೆಯೂದಿಲ್ಲ, ಪರಸವ್ವಾ. ಆಕಿಗೂ ಹೇಳ."

"ಹೆಸರ ಕೇಳಿದ್ಲು ಆಕಿ."

ರೇಣುಕವ್ವ ಎಲೆಯ ಮೇಲಿನ ಹೋಳಿಗೆಯನ್ನು ಸರಿಸಿ ಇಟ್ಟಳು. "ಹೇಳಬೇಕಂದ್ರ ಹೇಳ ಹೋಗ. ನನ್ನ ಮುಂದ ಅನ್ನಬಾರದು ಅಷ್ಟ."

ನಜಮಾಳ ಮನೆಗೆ ಹೋಗಿ ಹೆಸರು ಹೇಳಿದೆ. ನಜಮಾ ಒಂದು ಸಲ ಅಂದು ನೋಡಿ, ಸರಿಯಾಯಿತೇ ಅಂತ ನನ್ನನ್ನು ಕೇಳಿದಳು.

ರಾತ್ರಿ ಬಸಲಿಂಗಯ್ಯನವರು ಫೋನು ಮಾಡಿ ರೇಣುಕವ್ವಳನ್ನು ಕೆಲಸಕ್ಕೆ ತಿರುಗಿ ಕರೆದರಂತೆ. ಆ ಗ್ಯಾಂಗಿನ ರೊಟ್ಟಿ ನನಗೆ ಇನ್ನು ಇಳಿಯುವುದಿಲ್ಲ ಅಂದಳಂತೆ. ನಜಮಾಳನ್ನು ಬಿಡಿಸುವ ಮಾತು ಅಲ್ಲಿಗೇ ನಿಂತಿತು. ಉಗಾದಿಯ ದಿನ, ರವಿವಾರ ಮುಂಜಾನೆ, ಊರವರು ಬೇವು ಬೆಲ್ಲ ಹಂಚುವ ಹೊತ್ತಿನಲ್ಲಿ ರೇಣುಕವ್ವ ಮನೆಗೆ ಕೀಲಿ ಹಾಕಿ, ಬಸ್ಸು ಹತ್ತಿ, ಬಬಲೇಶ್ವರದ ಅಕ್ಕನ ಮನೆಗೆ ಹೋದಳು.